ಒಂದುಗಳ ಹಾರ: ಮಹಾವೀರಾಚಾರ್ಯನಿಂದ ಮಹಾ ಅವಿಭಾಜ್ಯ ಸಂಖ್ಯೆಯವರೆಗೆ

ಖಡಕಿ ಎಂದೊಡನೆ ಪುಣೆಯ ಜನರಿಗೆ ನೆನಪಾಗುವುದು ತೋಪು, ಮದ್ದು, ದಂಡು. ಪೇಶವೆ ಎರಡನೆಯ ಬಾಜೀರಾಯನ ಸೈನ್ಯಕ್ಕೂ ಇಂಗ್ಲಿಷರ ಸೈನ್ಯಕ್ಕೂ 1817ರ ನವೆಂಬರ್ 5ರಂದು ಕಾಳಗ ನಡೆದುದು ಇಲ್ಲಿಯೇ. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಸ್ಥಾಪಿತವಾದುದೂ ಇಲ್ಲಿಯೇ. ವಿಜಯಪುರ, ಕಲಬುರಗಿ, ಬೆಳಗಾವಿ, ಧಾರವಾಡಗಳ ಕಡೆಯಿಂದ ಅನ್ನವನ್ನರಸಿ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಇಲ್ಲಿಯ ಭೋಂಗಾದ ಸದ್ದಿಗೆ ಎದ್ದು, ಅದೇ ಸದ್ದಿಗೆ ಮನೆಗೆ ಮರಳಿದವರು. ಇಂತಹ ಊರಿನಲ್ಲಿ ಕುಳಿತು ರಾಜ್ಯೋತ್ಸವದ ಸಂಚಿಕೆಗೆ ಗಣಿತದ ಲೇಖನವನ್ನು ಬರೆಯುವುದೆಂದರೆ ಜಾತ್ರೆಯಲ್ಲಿ ಪಾಠ ಹೇಳಿದಂತೆ ಎಂದು ವಾಚಕರು ನಗಬಹುದು. ಆದರೆ ಬರೆಯಲು ಕಾರಣವುಂಟು.

ನಮ್ಮ ಕೇರಿಯ ಹುಡುಗನೊಬ್ಬನು ಒಂದು ದಿನ ನನ್ನನ್ನು ಕೇಳಿದನು: “ಕಾಕಾ, ಕನ್ನಡದಾಗ ಗಣಿತ ಐತೇನ್ರಿ? ಬರೇ ಹಾಡು, ನಾಟಕ ಅಷ್ಟನ?” ಅವನ ತಪ್ಪಲ್ಲ. ಸಾಲೆಯಲ್ಲಿ ಅವನು ಲೆಕ್ಕ ಮಾಡುವುದು ಇಂಗ್ಲಿಷಿನಲ್ಲಿ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದು ಮರಾಠಿಯಲ್ಲಿ. ಕನ್ನಡವನ್ನು ಅವನು ಕೇಳುವುದು ಅಜ್ಜಿಯ ಬಾಯಲ್ಲಿ ಮತ್ತು ನವೆಂಬರ ತಿಂಗಳ ವೇದಿಕೆಯ ಮೇಲೆ. ಹೀಗಿರುವಾಗ ಕನ್ನಡವೆಂದರೆ ಹಬ್ಬದ ಉಡುಪು, ದಿನದ ಕೆಲಸಕ್ಕೆ ಬಾರದ್ದು ಎಂದು ಅವನಿಗೆ ತೋರಿದರೆ ಆಶ್ಚರ್ಯವೇನು? ಆ ಹೊತ್ತಿಗೆ ನಾನು ಅವನಿಗೆ ಅರೆಬರೆ ಉತ್ತರ ಕೊಟ್ಟು ಕಳುಹಿಸಿದೆ. ಅದನ್ನು ಪೂರ್ತಿ ಮಾಡುವುದೇ ಈ ಲೇಖನದ ಉದ್ದೇಶ.

ನೃಪತುಂಗನ ನಾಡಿನ ಗಣಿತಿ

ನಾವು ನಿಂತಿರುವ ಈ ಪುಣೆಗೂ ಕನ್ನಡ ನಾಡಿಗೂ ಇರುವ ನಂಟು ರೈಲು ಬಂದ ಮೇಲೆ ಹುಟ್ಟಿದುದಲ್ಲ. ಎಂಟನೆಯ ಶತಮಾನದಲ್ಲಿ ಆಳಿದ ರಾಷ್ಟ್ರಕೂಟ ಒಂದನೆಯ ಕೃಷ್ಣನ ತಾಮ್ರಶಾಸನಗಳಲ್ಲಿ ಈ ಪ್ರಾಂತದ ಹೆಸರು ಬರುತ್ತದೆ. ಶಿವಾಜಿನಗರದ ಪಾತಾಳೇಶ್ವರದ ಗುಹಾಲಯವು ಅದೇ ರಾಷ್ಟ್ರಕೂಟರ ಕಾಲದ್ದು. ಆ ವಂಶದ ಅಮೋಘವರ್ಷ ನೃಪತುಂಗನು 814ರ ಸುಮಾರಿನಿಂದ 878ರವರೆಗೆ ಮಾನ್ಯಖೇಟದಿಂದ ಆಳಿದನು. ಅದು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ಹೊಳೆಯ ದಂಡೆಯ ಊರು. ಅವನ ಕಾಲದ ಕವಿರಾಜಮಾರ್ಗವು ಕಾವೇರಿ ಗೋದಾವರಿಗಳ ನಡುವಣ ನಾಡನ್ನು ಕನ್ನಡನಾಡೆಂದು ಗುರುತಿಸಿರುವುದನ್ನು ನಾವು ಪ್ರತಿವರ್ಷ ವೇದಿಕೆಯ ಮೇಲೆ ಕೇಳುತ್ತೇವೆ. ಇದು ನೆಲದ ಹಕ್ಕಿನ ಮಾತಲ್ಲ. ಸಾವಿರ ವರ್ಷಗಳ ಹಿಂದೆ ಎರಡು ಭಾಷೆಗಳ ಜನ ಒಂದೇ ಕೊಡೆಯ ನೆರಳಿನಲ್ಲಿದ್ದರೆಂಬ ನೆನಪಿನ ಮಾತು, ಅಷ್ಟೆ.

ಅದೇ ನೃಪತುಂಗನ ಆಳಿಕೆಯಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಗಣಿತಸಾರಸಂಗ್ರಹ ಎಂಬ ಗ್ರಂಥವನ್ನು ರಚಿಸಿದನು. ಆರಂಭದ ಪದ್ಯಗಳಲ್ಲಿ ಅಮೋಘವರ್ಷನ ಸ್ತುತಿಯಿದೆ. ಅದಕ್ಕಿಂತ ಮೊದಲು ನಮ್ಮ ದೇಶದಲ್ಲಿ ಗಣಿತವು ಬಹುಮಟ್ಟಿಗೆ ಜ್ಯೋತಿಷ ಸಿದ್ಧಾಂತಗಳ ನಡುವೆ ಒಂದೆರಡು ಅಧ್ಯಾಯಗಳಾಗಿ ಸೇರಿಕೊಂಡಿರುತ್ತಿತ್ತು. ಮಹಾವೀರನಾದರೋ ಗ್ರಹಗಳ ಗೊಡವೆಯನ್ನು ಬಿಟ್ಟು ಗಣಿತಕ್ಕಾಗಿಯೇ ಒಂದು ಪೂರ್ಣ ಗ್ರಂಥವನ್ನು ಮೀಸಲಿಟ್ಟನು. ಗಣಿತವು ಅಡುಗೆಗೂ ಬೇಕು, ವೈದ್ಯಕ್ಕೂ ಬೇಕು, ಮನೆ ಕಟ್ಟುವುದಕ್ಕೂ ಬೇಕು, ಛಂದಸ್ಸಿಗೂ ಸಂಗೀತಕ್ಕೂ ಬೇಕು ಎಂದು ಅವನು ಮೊದಲಲ್ಲಿಯೇ ಪಟ್ಟಿ ಕೊಡುತ್ತಾನೆ.

ಎಣಿಕೆಯ ಸ್ಥಾನಗಳಿಗೆ ಅವನು ಕೊಟ್ಟ ಹೆಸರುಗಳು ಇಪ್ಪತ್ತನಾಲ್ಕು. ಏಕ, ದಶ, ಶತ, ಸಹಸ್ರಗಳಿಂದ ಹೊರಟು ಕೋಟಿ, ಅರ್ಬುದ, ಖರ್ವ, ಪದ್ಮಗಳನ್ನು ದಾಟಿ, ಹದಿನೇಳನೆಯದಾಗಿ ಕ್ಷೋಣಿ, ಹತ್ತೊಂಬತ್ತನೆಯದಾಗಿ ಶಂಖ, ಇಪ್ಪತ್ತಮೂರನೆಯದಾಗಿ ಕ್ಷೋಭ, ಕೊನೆಯದಾಗಿ ಮಹಾಕ್ಷೋಭ. ಈ ಕೆಲವು ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಕೆಲಸಕ್ಕೆ ಬರುತ್ತವೆ.

ಕೊರಳ ಹಾರಗಳು

ಗುಣಾಕಾರದ ಪಾಠಕ್ಕೆ ಬಂದಾಗ ಮಹಾವೀರನ ರಸಿಕತೆ ಹೊರಬೀಳುತ್ತದೆ. ಜಿನಾಲಯಗಳಿಗೆ ಅರ್ಪಿಸುವ ತಾವರೆಗಳು, ರತ್ನಗಳು ಅವನ ಲೆಕ್ಕಗಳಲ್ಲಿ ಬರುತ್ತವೆ. ಆಮೇಲೆ ಕೆಲವು ಲೆಕ್ಕಗಳು ಬರುತ್ತವೆ. ಅವುಗಳ ಉತ್ತರವೇ ಒಂದು ಆಭರಣ. ಮಣಿಗಳನ್ನು ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ ರೀತಿಯಾಗಿ ಕಾಣುವ ಕೊರಳ ಹಾರದಂತೆ, ಈ ಉತ್ತರಗಳನ್ನು ಯಾವ ಕಡೆಯಿಂದ ಓದಿದರೂ ಒಂದೇ. ಅವನು ಕೊಟ್ಟ ಹಾರಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತೇನೆ. ಮನೆಯ ಮಕ್ಕಳ ಕೈಗೆ ಕಾಗದ, ಪೆನ್ಸಿಲು ಕೊಟ್ಟು ಮಾಡಿಸಿ ನೋಡಿರಿ.

139 × 109 = 15151
12345679 × 9 = 111111111
152207 × 73 = 11111111
142857143 × 7 = 1000000001
27994681 × 441 = 12345654321

ಇವು ಬರಿಯ ವಿನೋದವೆಂದು ತೋರಬಹುದು. ಆದರೆ ಇಂತಹ ಲೆಕ್ಕವನ್ನು ಹೊಸೆಯುವುದು ಹೇಗೆ ಎಂದು ಒಂದು ಗಳಿಗೆ ಯೋಚಿಸಿರಿ. ಯಾವುದೋ ಎರಡು ಸಂಖ್ಯೆಗಳನ್ನು ಗುಣಿಸಿದರೆ ಹಾರ ತಾನಾಗಿ ಬರುವುದಿಲ್ಲ. ಮೊದಲು ಹಾರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಅದು ಯಾವ ಯಾವ ಸಂಖ್ಯೆಗಳಾಗಿ ಒಡೆಯುತ್ತದೆ ಎಂದು ಹುಡುಕಬೇಕು. ಎಂಟು ಒಂದುಗಳ ಸಾಲು 73ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಆದುದರಿಂದ ಈ ಲೆಕ್ಕಗಳನ್ನು ಹೊಸೆದವರಿಗೆ ದೊಡ್ಡ ಸಂಖ್ಯೆಗಳನ್ನು ಬಿಡಿಸಿ ನೋಡುವ ಕೈಚಳಕ ಇತ್ತೆಂದು ತಿಳಿಯಲು ಅಡ್ಡಿಯಿಲ್ಲ.

ಈಗ ಮೊದಲನೆಯ ಹಾರಕ್ಕೆ ಬರೋಣ. 139 ಮತ್ತು 109 ಎರಡೂ ಅವಿಭಾಜ್ಯ ಸಂಖ್ಯೆಗಳು. ಅಂದರೆ ಒಂದರಿಂದಲೂ ತಮ್ಮಿಂದಲೂ ಹೊರತು ಬೇರೆ ಯಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದವು. 2, 3, 5, 7, 11, 13, ಹೀಗೆ ಹೊರಟ ಈ ಸಾಲಿಗೆ ಕೊನೆಯಿಲ್ಲವೆಂಬುದನ್ನು ಗ್ರೀಕ್ ಪಂಡಿತ ಯೂಕ್ಲಿಡನು ಕ್ರಿಸ್ತಪೂರ್ವದಲ್ಲಿಯೇ ಸಿದ್ಧಪಡಿಸಿದ್ದನು. ಮಿಕ್ಕ ಸಂಖ್ಯೆಗಳೆಲ್ಲ ಇವುಗಳ ಗುಣಾಕಾರದಿಂದ ಹುಟ್ಟಿದವು. ಗೋಡೆಗೆ ಇಟ್ಟಂಗಿ ಹೇಗೋ ಸಂಖ್ಯೆಗಳಿಗೆ ಅವಿಭಾಜ್ಯಗಳು ಹಾಗೆ.

139ನ್ನು 109ರಿಂದ ಗುಣಿಸಲು ಐದನೆಯ ಇಯತ್ತೆಯ ಹುಡುಗನಿಗೆ ಅರ್ಧ ನಿಮಿಷ ಸಾಕು. ಈಗ ಅದನ್ನೇ ತಿರುಗಿಸಿರಿ. “15151ನ್ನು ಒಡೆದು ತೋರಿಸು” ಎಂದು ಹೇಳಿ, ಭಾಗಗಳನ್ನು ಮುಚ್ಚಿಡಿರಿ. ಹುಡುಗನು ಏನು ಮಾಡಬೇಕು? ಒಂದು ಸಂಖ್ಯೆ ಎರಡು ಭಾಗವಾಗಿ ಒಡೆಯುವುದಾದರೆ ಅವುಗಳಲ್ಲಿ ಒಂದು ಭಾಗ ಅದರ ವರ್ಗಮೂಲವನ್ನು ಮೀರಲಾರದು. 15151ರ ವರ್ಗಮೂಲ 123ಕ್ಕಿಂತ ಸ್ವಲ್ಪವೇ ಹೆಚ್ಚು. ಆದುದರಿಂದ ಅವನು 2ರಿಂದ ಭಾಗಿಸಿ ನೋಡಬೇಕು, 3ರಿಂದ, 5ರಿಂದ, 7ರಿಂದ, ಹೀಗೆ ಅವಿಭಾಜ್ಯಗಳನ್ನು ಒಂದೊಂದಾಗಿ ಏರಬೇಕು. ಇಪ್ಪತ್ತೆಂಟು ಬಾರಿ ಶೇಷ ಉಳಿದು ಸೋಲುತ್ತಾನೆ. ಇಪ್ಪತ್ತೊಂಬತ್ತನೆಯ ಬಾರಿ 109 ಕೈಗೆ ಸಿಗುತ್ತದೆ. ಕಟ್ಟುವುದಕ್ಕೆ ಒಂದೇ ಗುಣಾಕಾರ, ಬಿಚ್ಚುವುದಕ್ಕೆ ಇಪ್ಪತ್ತೊಂಬತ್ತು ಭಾಗಾಕಾರ! ಸಂಖ್ಯೆ ಬೆಳೆದಂತೆಲ್ಲ ಈ ಅಂತರವೂ ಬೆಟ್ಟದಂತೆ ಬೆಳೆಯುತ್ತದೆ. ಇದೊಂದನ್ನು ತಿಳಿದವನಿಗೆ ಮುಂದಿನ ಕತೆಯೆಲ್ಲ ತಿಳಿಯುತ್ತದೆ.

ಒಡೆಯದ ಹಾರ

ಮಹಾವೀರನ ಒಂದುಗಳ ಹಾರ ಒಡೆಯಿತು. ಎಂಟು ಒಂದುಗಳದು 11, 73, 101, 137 ಎಂಬ ನಾಲ್ಕು ಅವಿಭಾಜ್ಯಗಳಾಗಿ ಒಡೆಯುತ್ತದೆ. ಒಂಬತ್ತು ಒಂದುಗಳದು 9ರಿಂದ ಭಾಗವಾಗುತ್ತದೆ. ಹಾಗಾದರೆ ಒಡೆಯದ ಹಾರವೂ ಉಂಟೇ? ಬರಿಯ ಒಂದುಗಳಿಂದಲೇ ಆದ ಸಂಖ್ಯೆ ಅವಿಭಾಜ್ಯವಾಗಬಹುದೇ?

11 ಅವಿಭಾಜ್ಯವೆಂಬುದು ಎಲ್ಲರಿಗೂ ಗೊತ್ತು. ಅದರ ಮುಂದೆ ಹುಡುಕುವುದಕ್ಕೆ ಒಂದು ಸುಲಭವಾದ ನಿಯಮವಿದೆ. ಆರು ಒಂದುಗಳನ್ನು ಎರಡೆರಡಾಗಿ ಕಟ್ಟಿದರೆ ಅದು 11 × 10101. ಮೂರು ಮೂರಾಗಿ ಕಟ್ಟಿದರೆ 111 × 1001. ಅಂದರೆ ಮಣಿಗಳ ಎಣಿಕೆಯನ್ನು ಸಮನಾದ ಗುಂಪುಗಳಾಗಿ ಹಂಚಲು ಬರುವುದಾದರೆ ಹಾರವೂ ಒಡೆಯುತ್ತದೆ. ಆದುದರಿಂದ ಒಡೆಯದ ಹಾರ ಬೇಕಾದರೆ ಮಣಿಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. ಹಾಗೆಂದು ಅಷ್ಟೇ ಸಾಲದು. ಮೂರು ಒಂದುಗಳು 3 × 37. ಐದು ಒಂದುಗಳು 41 × 271. ಏಳು ಒಂದುಗಳು 239 × 4649. ಹನ್ನೊಂದು, ಹದಿಮೂರು, ಹದಿನೇಳು ಒಂದುಗಳೂ ಒಡೆಯುತ್ತವೆ. ಕೊನೆಗೆ ಹತ್ತೊಂಬತ್ತು ಒಂದುಗಳಿಗೆ ಬಂದಾಗ ಹಾರ ಗಟ್ಟಿಯಾಗಿ ನಿಲ್ಲುತ್ತದೆ:

1111111111111111111

ಮಹಾವೀರನ ಸ್ಥಾನಗಳಲ್ಲಿ ಓದಿದರೆ ಇದು ಏಕದಿಂದ ಶಂಖದವರೆಗೆ ಪ್ರತಿಯೊಂದು ಸ್ಥಾನದಲ್ಲಿಯೂ ಒಂದೊಂದು ಮಣಿಯಿಟ್ಟ ಸಂಖ್ಯೆ. ಹಿಂದೆ ಹೇಳಿದಂತೆ ಒಂದೊಂದಾಗಿ ಭಾಗಿಸಿ ಪರೀಕ್ಷಿಸುವುದಾದರೆ ಇದಕ್ಕೆ ಐದು ಕೋಟಿಗೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಬೇಕು. ಕ್ಷಣಕ್ಕೊಂದರಂತೆ ಹಗಲಿರುಳು ಭಾಗಿಸಿದರೂ ಒಂದೂವರೆ ವರ್ಷ ಹಿಡಿಯುತ್ತದೆ. ಆದುದರಿಂದ ಗಣಿತಜ್ಞರು ಬೇರೆ ಉಪಾಯಗಳನ್ನು ಹುಡುಕಿದರು. ಒಡೆದು ನೋಡದೆಯೇ ಒಡೆಯುವುದೋ ಇಲ್ಲವೋ ಎಂದು ತಿಳಿಯುವ ಉಪಾಯಗಳು. ಇಂತಹ ಉಪಾಯಗಳಿಂದ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಆಸ್ಕರ್ ಹೊಪ್ಪೆ ಎಂಬವರು ಈ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದರು. ಇಪ್ಪತ್ತಮೂರು ಒಂದುಗಳ ಹಾರ, ಅಂದರೆ ಕ್ಷೋಭ ಸ್ಥಾನವನ್ನು ಮುಟ್ಟುವ ಹಾರ, ಅವಿಭಾಜ್ಯವೆಂದು ತಿಳಿದುದು 1929ರಲ್ಲಿ.

ಅಲ್ಲಿಂದ ಮುಂದಿನ ಹಾರಕ್ಕೆ ಮಹಾವೀರನ ಹೆಸರುಗಳು ಸಾಲುವುದಿಲ್ಲ. ಅದರಲ್ಲಿ 317 ಒಂದುಗಳು. ಅದನ್ನು ಹ್ಯೂ ವಿಲಿಯಮ್ಸ್ ಅವರು 1970ರ ದಶಕದಲ್ಲಿ ಗಣಕಯಂತ್ರದ ನೆರವಿನಿಂದ ಸಿದ್ಧಪಡಿಸಿದರು. 1031 ಒಂದುಗಳದು 1986ರಲ್ಲಿ ಸಿದ್ಧವಾಯಿತು. 49,081 ಒಂದುಗಳದು 2022ರಲ್ಲಿ. ಇಂತಹ ಹಾರಗಳು ಇನ್ನೆಷ್ಟಿವೆ, ಅವಕ್ಕೆ ಕೊನೆಯುಂಟೇ ಇಲ್ಲವೇ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ. ನಮ್ಮ ಸಾಲೆಯ ಮಕ್ಕಳಿಗೂ ಅರ್ಥವಾಗುವ ಪ್ರಶ್ನೆ, ಮಹಾಪಂಡಿತರಿಗೂ ಬಗೆಹರಿಯದ ಪ್ರಶ್ನೆ!

ಪುಣೆಯ ವಿದ್ಯಾರ್ಥಿ, ದೇವಳಾಲಿಯ ಮಾಸ್ತರ

ಇಪ್ಪತ್ತಮೂರು ಒಂದುಗಳ ಹಾರ ಸಿದ್ಧವಾದ ಆ 1929ರಲ್ಲಿಯೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಯುವಕನೊಬ್ಬನು ಪದವೀಧರನಾದನು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ ಎಂದು ಅವರ ಹೆಸರು. 1905ರಲ್ಲಿ ಡಹಾಣೂವಿನಲ್ಲಿ ಹುಟ್ಟಿದವರು. ಮುಂದೆ ಉಚ್ಚ ಪದವಿಯಿಲ್ಲ, ವಿಶ್ವವಿದ್ಯಾಲಯದ ಹುದ್ದೆಯಿಲ್ಲ. 1930ರಿಂದ 1962ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಸಾಲೆಯ ಮಾಸ್ತರರಾಗಿದ್ದರು. ಬಿಡುವಿನ ಹೊತ್ತೆಲ್ಲ ಅಂಕಗಳ ಸಹವಾಸ. 6174 ಎಂಬ ಸಂಖ್ಯೆಯ ವಿಚಿತ್ರ ಗುಣವನ್ನು ಕಂಡವರು ಅವರೇ.

ಒಮ್ಮೆ ಮುಂಬಯಿಯ ಹತ್ತಿರದ ಡೆಮ್ಲೊ ಎಂಬ ರೈಲು ನಿಲ್ದಾಣದಲ್ಲಿ, ಅಂದರೆ ಇಂದಿನ ಡೊಂಬಿವಿಲಿಯಲ್ಲಿ, ಹೊಳೆದ ವಿಚಾರದಿಂದ ಅವರು ಒಂದು ಜಾತಿಯ ಸಂಖ್ಯೆಗಳಿಗೆ ಡೆಮ್ಲೊ ಸಂಖ್ಯೆಗಳೆಂದು ಹೆಸರಿಟ್ಟರು. ಅವುಗಳಲ್ಲಿ ಸೊಗಸಾದವು ಒಂದುಗಳ ಸಾಲನ್ನು ಅದರಿಂದಲೇ ಗುಣಿಸಿದಾಗ ಬರುವವು: 121, 12321, 1234321. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸಿದರೆ ಬರುವುದೇನು? 12345654321. ವಾಚಕರು ಒಂದೆರಡು ಪುಟ ಹಿಂದಕ್ಕೆ ತಿರುಗಿಸಿ ನೋಡಬೇಕು. ಮಹಾವೀರನು ಹೆಣೆದ ಹಾರಗಳಲ್ಲಿ ಐದನೆಯದು ಇದೇ! ಅವನು ಅದನ್ನು 441 ಮತ್ತು 27994681 ಎಂದು ಬಿಡಿಸಿದ್ದನು. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ ಆರು ಒಂದುಗಳು.

ಇಬ್ಬರ ನಡುವೆ ಗುರುಶಿಷ್ಯ ಸಂಬಂಧವನ್ನು ನಾವು ಕಲ್ಪಿಸಬೇಕಾಗಿಲ್ಲ. ಮಾನ್ಯಖೇಟದ ಅರಸನ ಕಾಲದ ಜೈನ ಪಂಡಿತನೂ ಮರಾಠಿ ಮಾತೃಭಾಷೆಯ ಸಾಲೆಯ ಮಾಸ್ತರನೂ ಸುಮಾರು ಸಾವಿರದ ನೂರು ವರ್ಷಗಳ ಅಂತರದಲ್ಲಿ ಒಂದೇ ಹಾರವನ್ನು ಎತ್ತಿ ಹಿಡಿದು ನೋಡಿ ಒಂದೇ ಸಂತೋಷವನ್ನು ಪಟ್ಟರು. ಪುಣೆಯಲ್ಲಿ ಬಾಳುತ್ತಿರುವ ಕನ್ನಡಿಗರಿಗೆ ಇದಕ್ಕಿಂತ ಸವಿಯಾದ ನೆರೆಹೊರೆಯ ಸಂಬಂಧ ಬೇರೆ ಯಾವುದು ಬೇಕು?

ಕಾಪ್ರೇಕರರ ಕೆಲಸವನ್ನು ಬರಿಯ ಆಟವೆಂದು ತಳ್ಳಿಹಾಕಿದವರು ನಮ್ಮ ದೇಶದಲ್ಲಿಯೇ ಬಹಳ ಮಂದಿ. ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಎಂಬ ಲೇಖಕರು 1975ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಅವರ ವಿಷಯ ಬರೆದ ಮೇಲೆ ಹೆಸರು ಜಗತ್ತಿಗೆಲ್ಲ ಹರಡಿತು. ಆ ವೇಳೆಗೆ ಮಾಸ್ತರರಿಗೆ ಎಪ್ಪತ್ತು ವರ್ಷ. 1986ರಲ್ಲಿ ಅವರು ತೀರಿಕೊಂಡರು.

ಆಕಾಶದ ಮಾತು, ಮನೆಯ ಬೀಗ

ಈಗ ಖಡಕಿಗೆ ಮರಳೋಣ. ಇಂಗ್ಲೆಂಡಿಗೂ ಹಿಂದುಸ್ತಾನಕ್ಕೂ ನೇರವಾದ ಬೀಮ್ ವಾಯರ್‌ಲೆಸ್ ಸಂಪರ್ಕ 1927ರಲ್ಲಿ ಪ್ರಾರಂಭವಾದಾಗ ಸಂದೇಶಗಳನ್ನು ಕಳುಹಿಸುವ ಕೇಂದ್ರ ಖಡಕಿಯಲ್ಲಿಯೂ, ಬಂದುದನ್ನು ಹಿಡಿಯುವ ಕೇಂದ್ರ ದೌಂಡದಲ್ಲಿಯೂ ಇದ್ದವು. ಸಮುದ್ರದ ತಳದ ತಂತಿಯಲ್ಲಿ ಹೋಗುತ್ತಿದ್ದ ಮಾತು ಆಕಾಶಕ್ಕೆ ಏರಿತು. ಆದರೆ ಆಕಾಶಕ್ಕೆ ಗೋಡೆಯಿಲ್ಲ. ತಂತಿಯ ಮಾತನ್ನು ಕದಿಯಬೇಕಾದರೆ ತಂತಿಯವರೆಗೆ ಹೋಗಬೇಕು. ಆಕಾಶದ ಮಾತನ್ನು ಸರಿಯಾದ ಯಂತ್ರವಿದ್ದ ಯಾರಾದರೂ ಕೇಳಬಹುದು. ಆದುದರಿಂದ ಗುಟ್ಟಿನ ಮಾತನ್ನು ಗುಪ್ತಲಿಪಿಯಲ್ಲಿ ಕಳುಹಿಸಬೇಕು. ಗುಪ್ತಲಿಪಿಗೆ ಕೀಲಿ ಬೇಕು. ಆ ಕೀಲಿಯನ್ನು ದೂರದವನಿಗೆ ತಲುಪಿಸುವುದು ಹೇಗೆ? ಅದನ್ನೂ ಆಕಾಶದಲ್ಲಿಯೇ ಕಳುಹಿಸಿದರೆ ಕಳ್ಳನಿಗೂ ಕೀಲಿ ಸಿಕ್ಕಿತು. ರಾಜರ ಕಾಲದಿಂದಲೂ ಇದ್ದ ಕಗ್ಗಂಟು ಇದು.

ಈ ಕಗ್ಗಂಟನ್ನು ಬಿಡಿಸಿದುದು ನಮ್ಮ 15151ರ ಗುಣವೇ. 1977ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಒಂದು ವಿಧಾನವನ್ನು ರೂಪಿಸಿದರು. ಇಂಗ್ಲೆಂಡಿನ ಸರಕಾರಿ ಗುಪ್ತಲಿಪಿ ಕಚೇರಿಯ ಕ್ಲಿಫರ್ಡ್ ಕಾಕ್ಸ್ ಅವರು 1973ರಲ್ಲಿಯೇ ಇದನ್ನು ಕಂಡಿದ್ದರಾದರೂ ಅದು 1997ರವರೆಗೆ ಬಯಲಿಗೆ ಬರಲಿಲ್ಲ. ವಿಧಾನವನ್ನು ಹೀಗೆ ಹೇಳಬಹುದು. ನಾನು ಎರಡು ಭಾರಿ ಅವಿಭಾಜ್ಯಗಳನ್ನು ಆರಿಸಿಕೊಂಡು ಗುಣಿಸುತ್ತೇನೆ. ಗುಣಲಬ್ಧವನ್ನು ಊರಿಗೆಲ್ಲ ಸಾರುತ್ತೇನೆ. ಅದು ಬಾಯಿ ತೆರೆದ ಬೀಗ. ಯಾರು ಬೇಕಾದರೂ ತಮ್ಮ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಆ ಬೀಗವನ್ನು ಒತ್ತಿ ಮುಚ್ಚಬಹುದು. ತೆರೆಯಬೇಕಾದರೆ ಮಾತ್ರ ಆ ಎರಡು ಅವಿಭಾಜ್ಯಗಳು ಗೊತ್ತಿರಬೇಕು. ಅವು ನನ್ನ ಹತ್ತಿರ ಮಾತ್ರ ಇವೆ. ಕೀಲಿ ಮನೆಯಿಂದ ಹೊರಗೆ ಕಾಲಿಡುವುದೇ ಇಲ್ಲ.

ಈ ವಿಧಾನವನ್ನು ಜನಸಾಮಾನ್ಯರಿಗೆ ಪರಿಚಯಿಸಿದವರು ಯಾರು? ಕಾಪ್ರೇಕರರನ್ನು ಪರಿಚಯಿಸಿದ ಅದೇ ಗಾರ್ಡ್ನರ್, ಅದೇ ಅಂಕಣದಲ್ಲಿ, 1977ರ ಆಗಸ್ಟಿನಲ್ಲಿ. 129 ಅಂಕಗಳ ಒಂದು ಸಂಖ್ಯೆಯನ್ನು ಅಚ್ಚುಹಾಕಿ, ಒಡೆದವರಿಗೆ ನೂರು ಡಾಲರ್ ಬಹುಮಾನ ಎಂದು ಸಾರಲಾಯಿತು. ಅದನ್ನು ಒಡೆಯಲು 40 ಸಾವಿರ ಲಕ್ಷ ಕೋಟಿ ವರ್ಷಗಳು ಹಿಡಿಯಬಹುದೆಂದು ಅಂದಿನ ಅಂದಾಜು. ಮಹಾವೀರನ ಮಾತಿನಲ್ಲಿ ನಾಲ್ಕು ಕ್ಷೋಣಿ ವರ್ಷ. ಆದರೆ ಮನುಷ್ಯನ ಜಾಣತನವನ್ನು ಅಂದಾಜು ಮಾಡುವುದು ಕಷ್ಟ. ಹೊಸ ಉಪಾಯಗಳು ಬಂದವು, ನಾನಾ ದೇಶಗಳ ಸುಮಾರು ಆರುನೂರು ಮಂದಿ ತಮ್ಮ ಗಣಕಗಳನ್ನು ಜೋಡಿಸಿದರು. 1994ರಲ್ಲಿ, ಹದಿನೇಳೇ ವರ್ಷಗಳಲ್ಲಿ, ಅದು 64 ಮತ್ತು 65 ಅಂಕಗಳ ಎರಡು ಅವಿಭಾಜ್ಯಗಳಾಗಿ ಒಡೆಯಿತು. ಬೀಗ ಮಾಡುವವರು ಅಂಕಗಳನ್ನು ಹೆಚ್ಚಿಸಿದರು; ಆರುನೂರಕ್ಕೂ ಮಿಕ್ಕಿದ ಅಂಕಗಳ ಬೀಗಗಳು ಸಾಮಾನ್ಯವಾದವು.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ತಿಳಿಯುವುದು ಸುಲಭವಾಗಿರಬೇಕು, ಇಲ್ಲದಿದ್ದರೆ ಬೀಗ ಮಾಡಲಾಗದು; ಭಾಜ್ಯವಾದುದನ್ನು ಒಡೆಯುವುದು ಕಷ್ಟವಾಗಿರಬೇಕು, ಇಲ್ಲದಿದ್ದರೆ ಬೀಗ ನಿಲ್ಲದು. ಮೊದಲನೆಯದು ಯಾವ ಸಂಖ್ಯೆಗಾದರೂ, ಯಾವ ಊಹೆಯ ಆಸರೆಯೂ ಇಲ್ಲದೆ, ಅದೃಷ್ಟಕ್ಕೂ ಬಿಡದೆ ಸಾಧ್ಯವೆಂದು 2002ರಲ್ಲಿ ಸಿದ್ಧಪಡಿಸಿದವರು ನಮ್ಮ ದೇಶದವರೇ: ಕಾನಪುರದ ಐಐಟಿಯ ಮಣೀಂದ್ರ ಅಗ್ರವಾಲ ಮತ್ತು ಅವರ ತರುಣ ಶಿಷ್ಯರಾದ ನೀರಜ ಕಯಾಲ, ನಿತಿನ ಸಕ್ಸೇನ. ಎರಡನೆಯದು ಎಂದೆಂದಿಗೂ ಕಷ್ಟವಾಗಿಯೇ ಉಳಿಯುವುದೆಂದು ಯಾರೂ ಸಿದ್ಧಪಡಿಸಿಲ್ಲ. ಕ್ವಾಂಟಮ್ ಗಣಕಗಳು ಪ್ರಬಲವಾದರೆ ಈ ಬೀಗಗಳು ಸಡಿಲವಾಗುತ್ತವೆಂಬುದು 1994ರಿಂದ ತಿಳಿದ ವಿಷಯ. 2024ರಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಬೇರೆ ಜಾತಿಯ ಬೀಗಗಳನ್ನೂ ಪ್ರಕಟಿಸಿದೆ.

ಅದೇ 2024ರ ಅಕ್ಟೋಬರಿನಲ್ಲಿ, ಅಂದಿನವರೆಗೆ ತಿಳಿದವುಗಳಲ್ಲೆಲ್ಲ ದೊಡ್ಡದಾದ ಅವಿಭಾಜ್ಯವೂ ಪ್ರಕಟವಾಯಿತು. ಕಂಡುಹಿಡಿದವರು ಅಮೆರಿಕದ ಲ್ಯೂಕ್ ಡ್ಯುರಂಟ್. ಎರಡನ್ನು 13,62,79,841 ಬಾರಿ ಬರೆದು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಆ ಸಂಖ್ಯೆ. ಅದರಲ್ಲಿ 4,10,24,320 ಅಂಕಗಳು. ಕ್ಷಣಕ್ಕೊಂದು ಅಂಕದಂತೆ ನಿದ್ರೆಯಿಲ್ಲದೆ ಬರೆದರೂ ಒಂದು ವರ್ಷ ಮೂರೂವರೆ ತಿಂಗಳು ಬೇಕು. ಬೀಗಕ್ಕೆ ಇಷ್ಟು ದೊಡ್ಡದು ಬೇಡ. ಇದು ಎವರೆಸ್ಟ್ ಹತ್ತಿದಂತೆ, ಹತ್ತುವ ಸಂತೋಷಕ್ಕಾಗಿ ಹತ್ತಿದುದು.

ಆದರೆ ಇದರ ರೂಪವನ್ನು ನೋಡಿರಿ. ಗಣಕಯಂತ್ರವು ಎಣಿಸುವುದು ಸೊನ್ನೆ, ಒಂದು ಎಂಬ ಎರಡೇ ಅಂಕಗಳಿಂದ. ಅಲ್ಲಿ ಸ್ಥಾನಗಳು ಏಕ, ದಶ, ಶತ ಅಲ್ಲ. ಒಂದು, ಎರಡು, ನಾಲ್ಕು, ಎಂಟು. ಆ ಲಿಪಿಯಲ್ಲಿ ನಮ್ಮ 3 ಎಂಬುದು ಎರಡು ಒಂದುಗಳು, 7 ಮೂರು ಒಂದುಗಳು, 31 ಐದು ಒಂದುಗಳು. ಇವೆಲ್ಲ ಅವಿಭಾಜ್ಯ. ಹನ್ನೊಂದು ಒಂದುಗಳು ಎಂದರೆ 2047. ಅದು 23 × 89 ಎಂದು ಒಡೆಯುತ್ತದೆ. ಡ್ಯುರಂಟರ ಸಂಖ್ಯೆಯನ್ನು ಇದೇ ಲಿಪಿಯಲ್ಲಿ ಬರೆದರೆ ಏನು ಕಾಣುತ್ತದೆ? ಒಂದೇ ಒಂದು ಸೊನ್ನೆಯಿಲ್ಲದೆ 13,62,79,841 ಒಂದುಗಳು. ಮತ್ತೆ ಒಂದುಗಳ ಹಾರ! ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಹುಡುಗನಿಗೆ ಉತ್ತರ

ಇಷ್ಟನ್ನು ಹೇಳಿದ ಮೇಲೆ ಎಚ್ಚರದ ಮಾತೊಂದನ್ನೂ ಹೇಳಬೇಕು. ಮಹಾವೀರಾಚಾರ್ಯನು ಗುಪ್ತಲಿಪಿಯನ್ನು ಕಂಡಿದ್ದನೆಂದಾಗಲಿ ಗಣಕದ ಬೀಗವನ್ನು ಮಾಡಿದ್ದನೆಂದಾಗಲಿ ನಾನು ಹೇಳುತ್ತಿಲ್ಲ. ಅವನ ಗ್ರಂಥ ಅವಿಭಾಜ್ಯ ಸಂಖ್ಯೆಗಳ ಶಾಸ್ತ್ರವೂ ಅಲ್ಲ. ಎಲ್ಲವೂ ನಮ್ಮಲ್ಲಿಯೇ ಇತ್ತು ಎಂದು ವೇದಿಕೆಯ ಮೇಲೆ ಕೂಗುವುದು ಸುಲಭ. ಕೇಳಿದ ಹುಡುಗನು ನಾಳೆ ಓದಿ ತಿಳಿದುಕೊಂಡು ನಮ್ಮನ್ನು ನಂಬದಂತಾಗುತ್ತಾನೆ. ಇದ್ದುದನ್ನು ಇದ್ದಷ್ಟೇ ಹೇಳಿದರೆ ಸಾಕು, ಅದೇನು ಕಡಿಮೆಯೇ?

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಗಣಿತಸಾರಸಂಗ್ರಹ ಇರುವುದು ಸಂಸ್ಕೃತದಲ್ಲಿ. ಹಾಗಾದರೆ ಅದು ಕನ್ನಡದ ಗಣಿತವೇ? ಆ ಗ್ರಂಥ ನಮ್ಮ ಕೈಗೆ ಬಂದ ಬಗೆಯನ್ನು ಕೇಳಿರಿ. ಮದರಾಸಿನ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚುಹಾಕಿಸಿದರು. ಅವರಿಗೆ ನೆರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗಳೂ ಕನ್ನಡ ಟಿಪ್ಪಣಿಗಳೂ ಇದ್ದವು. ಹೆಸರೇ ಉಳಿಯದ ಎಷ್ಟು ಮಂದಿ ಲಿಪಿಕಾರರು ಸಾವಿರ ವರ್ಷ ಓಲೆಯಿಂದ ಓಲೆಗೆ ಆ ಹಾರಗಳನ್ನು ದಾಟಿಸಿದರೋ! ಒಂದು ತಲೆಮಾರು ಇದೇನು ಪ್ರಯೋಜನವೆಂದು ಕೈಬಿಟ್ಟಿದ್ದರೆ ಹಾರ ಅಲ್ಲಿಗೇ ಹರಿಯುತ್ತಿತ್ತು. ಅಚ್ಚ ಕನ್ನಡದಲ್ಲಿ ಗಣಿತ ಬರೆದವರೂ ಇದ್ದರು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿದನು. ಮಹಾವೀರನ ಗ್ರಂಥವನ್ನು ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಕನ್ನಡಕ್ಕೆ ತಂದರು; ಅದು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಆದುದರಿಂದ, ತಮ್ಮಾ, ಕನ್ನಡದಲ್ಲಿ ಗಣಿತ ಉಂಟು. ಹಾಡಿನಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ, ಅಷ್ಟೆ.

ಹಾಡನ್ನು ಮರೆತರೆ ಧ್ವನಿಮುದ್ರಿಕೆ ಉಂಟು, ಪುಸ್ತಕ ಉಂಟು. ಎಣಿಕೆಯ ಮಾತು ಮನೆಯಲ್ಲಿ ನಿಂತರೆ ಅದನ್ನು ಉಳಿಸುವ ಪುಸ್ತಕವಿಲ್ಲ. ಮಗುವು ಯಾವ ಭಾಷೆಯಲ್ಲಿ ಎಣಿಸುತ್ತದೆಯೋ ಆ ಭಾಷೆಯಲ್ಲಿಯೇ ಯೋಚಿಸುತ್ತದೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಸಾಲೆಯ ಇಂಗ್ಲಿಷ್ ಇರಲಿ, ಪೇಟೆಯ ಮರಾಠಿ ಇರಲಿ. ಅವು ನಮಗೆ ಅನ್ನ ಕೊಟ್ಟ ಭಾಷೆಗಳು. ಆದರೆ ದಿನಕ್ಕೊಮ್ಮೆ, ದೀಪ ಹಚ್ಚಿದ ಮೇಲೆ, ಎರಡೊಂದ್ಲೆ ಎರಡು ಎಂದು ಮಗ್ಗಿ ಹೇಳುವ ದನಿ ನಮ್ಮ ಮನೆಗಳಲ್ಲಿ ಕೇಳಲಿ.

ಖಡಕಿಯ ಬದಿಯಲ್ಲಿ ಹರಿಯುವ ಮುಳಾ ನದಿ ಮುಠೆಯನ್ನು ಕೂಡಿಕೊಂಡು ಭೀಮೆಗೆ ಸೇರುತ್ತದೆ. ಭೀಮೆ ನಮ್ಮ ವಿಜಯಪುರ, ಕಲಬುರಗಿಗಳ ಕಡೆಗೆ ಇಳಿದು, ಮಳಖೇಡದ ಕಾಗಿಣೆಯನ್ನು ತನ್ನೊಳಗೆ ಕರೆದುಕೊಂಡು ಕೃಷ್ಣೆಯತ್ತ ಸಾಗುತ್ತದೆ. ನಮ್ಮ ಅಂಗಳದ ನೀರು ಯಾರೂ ಹೇಳದೆಯೇ ಪ್ರತಿದಿನ ಮಹಾವೀರನ ಅರಸನ ಊರಿನ ನೀರನ್ನು ಕೂಡುತ್ತಿದೆ. ನಾವು ಮಾಡಬೇಕಾದುದು ಅದಕ್ಕಿಂತ ಸುಲಭ. ಈ ಸಂಜೆ ಮಗುವನ್ನು ಬಳಿಗೆ ಕರೆದು, ಕಾಗದದ ಮೇಲೆ ನೂರಾ ಮೂವತ್ತೊಂಬತ್ತು ಎಂದು ಬರೆಯಿಸಿರಿ. ಅದರ ಕೆಳಗೆ ನೂರಾ ಒಂಬತ್ತು. ಕನ್ನಡದಲ್ಲಿಯೇ ಹೇಳುತ್ತ ಗುಣಿಸಲಿ. ಉತ್ತರ ಬಂದಾಗ ಆ ಮಗುವಿನ ಮುಖವನ್ನು ನೋಡಿರಿ.